ಮಹಾದಾನಪುರದ ಕೆರೆಯಂಚು

ಇಂದಿನ ಶಿಕಾರಿಪುರಕ್ಕೆ ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವೆಂಬ ಹೆಸರಿತ್ತೆಂದೂ, ಸುತ್ತಲಿನ ಕಾಡಿನಲ್ಲಿ ಬೇಟೆಯ ಪ್ರಾಣಿಗಳು ಹೇರಳವಾಗಿದ್ದುದರಿಂದ ಹೈದರಾಲಿಯ ಅಥವಾ ಟಿಪ್ಪುವಿನ ಆಳ್ವಿಕೆಯಲ್ಲಿ ಅದು ಶಿಕಾರಿಪುರವಾಯಿತೆಂದೂ ಹಳೆಯ ಮೈಸೂರು ಗೆಜೆಟಿಯರು ತಿಳಿಸುತ್ತದೆ. ದಾನದ ಹೆಸರು ಹೋಗಿ ಬೇಟೆಯ ಹೆಸರು ನಿಂತಿತು. ಆದರೆ ಊರ ಹೆಸರು ಬದಲಾದಷ್ಟು ಸುಲಭವಾಗಿ ನೆಲದ ರಚನೆ ಬದಲಾಗುವುದಿಲ್ಲ. ಆ ಸೀಮೆಯ ಹಳೆಯ ದಾನಗಳು ಶಾಸನಗಳಲ್ಲಿ ಮಾತ್ರವಲ್ಲ, ಏರಿ, ತೂಬು, ಕೋಡಿಗಳ ರೂಪದಲ್ಲಿಯೂ ಉಳಿದುಬಂದಿವೆ. ಆ ದಾನದ ಫಲವನ್ನು ಉಂಡವರಲ್ಲಿ ಯಾವ ಶಾಸನದಲ್ಲಿಯೂ ಹೆಸರು ಬಾರದ ಒಂದು ಜೀವಿಯಿದೆ. ಅದು ನಮ್ಮ ಕೆರೆಗಳಲ್ಲಿ ವರ್ಷವಿಡೀ ನೆಲೆಸುವ ಚುಕ್ಕೆ ಕೊಕ್ಕಿನ ಕಾಡುಬಾತು. ಕೆರೆಗಳ ಚರಿತ್ರೆಯನ್ನು ಆ ಹಕ್ಕಿಯ ಕಡೆಯಿಂದ ನೋಡಿದರೆ, ಇಂದು ನಾವು ಕೆರೆಗಳಿಗೆ ಮಾಡುತ್ತಿರುವ ಉಪಕಾರದಲ್ಲಿ ಸೇರಿಕೊಂಡಿರುವ ಒಂದು ಲೋಪ ಕಣ್ಣಿಗೆ ಬೀಳುತ್ತದೆ. ಅದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಎಡೆಯಲ್ಲಿವೆ. ಹೊಂಬುಜ ಕ್ಷೇತ್ರದ ಸಮೀಪದಲ್ಲಿ ಹುಟ್ಟುವ ಕುಮುದ್ವತಿಯು ಶಿಕಾರಿಪುರದ ಮಗ್ಗುಲಲ್ಲಿ ಹರಿದು ಮಾಸೂರಿನ ಕಡೆಗೆ ಸಾಗಿ ತುಂಗಭದ್ರೆಯನ್ನು ಸೇರುತ್ತದೆ. ಸೊರಬದ ದಂಡಾವತಿಯು ಬನವಾಸಿಯ ಬಳಿ ವರದೆಯೊಡನೆ ಕೂಡುತ್ತದೆ. ಮಳೆಗಾಲದಲ್ಲಿ ಇಲ್ಲಿ ಸುರಿಯುವ ನೀರನ್ನು ತಗ್ಗುಗಳಲ್ಲಿ ತಡೆದು ನಿಲ್ಲಿಸಿದರೆ ಭತ್ತ ಬೆಳೆಯಬಹುದು. ತಡೆಯದಿದ್ದರೆ ಬೇಸಗೆಯಲ್ಲಿ ದನಗಳಿಗೂ ನೀರಿಲ್ಲ. ಆದುದರಿಂದಲೇ ಈ ಸೀಮೆಯಲ್ಲಿ ಊರಿಗೊಂದು ಕೆರೆಯಲ್ಲ, ಒಂದರ ಕೋಡಿಯ ನೀರು ಮತ್ತೊಂದಕ್ಕೆ ಇಳಿಯುವಂತೆ ಕೆರೆಗಳ ಸಾಲುಗಳೇ ನಿರ್ಮಾಣವಾದವು.

ಈ ಕಾರ್ಯದ ಪ್ರಾಚೀನತೆಗೆ ತಾಳಗುಂದದ ಸ್ತಂಭಶಾಸನಕ್ಕಿಂತ ಹಿರಿಯ ಸಾಕ್ಷಿಯನ್ನು ಇಲ್ಲಿ ಹುಡುಕಬೇಕಾಗಿಲ್ಲ. 5ನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಆ ಶಾಸನವು, ಹಿಂದೆ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಶಿವಾಲಯದ ಸನ್ನಿಧಿಯಲ್ಲಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ದೊಡ್ಡದೊಂದು ತಟಾಕವನ್ನು ಮಾಡಿಸಿದ ವಿಷಯವನ್ನು ದಾಖಲಿಸಿದೆ. ಕದಂಬ ವಂಶದ ಉತ್ಪತ್ತಿಯನ್ನೂ ಮಯೂರಶರ್ಮನ ಸಾಹಸವನ್ನೂ ಹೇಳುವ ಅಷ್ಟು ದೊಡ್ಡ ಪ್ರಶಸ್ತಿಕಾವ್ಯ ಕೊನೆಗೆ ಬಂದು ನಿಲ್ಲುವುದು ಒಂದು ಕೆರೆಯ ಬಳಿ ಎಂಬುದನ್ನು ನಾವು ಮರೆಯಲಾಗದು.

ಮುಂದಿನ ಶತಮಾನಗಳಲ್ಲಿ ನಾಗರಖಂಡ ಎಪ್ಪತ್ತು ಎಂಬ ಹೆಸರಿನಿಂದ ಈ ಭೂಭಾಗ ಪ್ರಸಿದ್ಧವಾಯಿತು. ರಾಷ್ಟ್ರಕೂಟರ ಆಳ್ವಿಕೆಯಲ್ಲಿ, 10ನೆಯ ಶತಮಾನದ ಆರಂಭದಲ್ಲಿ, ಅದರ ಆಡಳಿತವನ್ನು ನಡೆಸಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಜಕ್ಕಿಯಬ್ಬೆಯ ಚರಿತ್ರೆ ನಮ್ಮ ಮನೆಮನೆಗಳಲ್ಲಿ ಪರಿಚಿತವಾದುದು. 1068ರಲ್ಲಿ ಬಳ್ಳಿಗಾವೆಯ ಮಲ್ಲಿಕಾಮೋದ ಶಾಂತಿನಾಥ ಬಸದಿಯು ಶಿಲಾಮಯವಾಗಿ ನಿರ್ಮಾಣಗೊಂಡುದಕ್ಕೆ ‘ಸುಕುಮಾರಚರಿತೆ’ಯ ಕವಿ ಶಾಂತಿನಾಥನ ಪ್ರೇರಣೆ ಕಾರಣವಾಯಿತು. ಇಂತಹ ಬಸದಿಗಳಿಗೂ ದೇಗುಲಗಳಿಗೂ ಬಿಟ್ಟ ದತ್ತಿಗಳ ವಿವರವನ್ನು ಓದುವಾಗ ನಾವು ಸಾಮಾನ್ಯವಾಗಿ ದಾನಿಯ ಹೆಸರನ್ನೂ ಆಚಾರ್ಯಪರಂಪರೆಯನ್ನೂ ಗುರುತುಹಾಕಿಕೊಂಡು ಮುಂದೆ ಹೋಗುತ್ತೇವೆ. ಅವುಗಳ ಕೊನೆಯ ಸಾಲುಗಳಲ್ಲಿ ಇಂತಿಷ್ಟು ಮತ್ತರು ಗದ್ದೆ, ಅದು ಇಂತಹ ಕೆರೆಯ ಕೆಳಗೆ, ಅದರ ಮೇರೆ ಇಂತಹ ಕೋಡಿಯವರೆಗೆ ಎಂಬ ಲೆಕ್ಕವಿರುತ್ತದೆ. ನಂದಾದೀಪದ ಎಣ್ಣೆ, ಋಷಿಗಳ ಆಹಾರದಾನ, ಜೀರ್ಣೋದ್ಧಾರದ ವೆಚ್ಚ, ಇವೆಲ್ಲವೂ ಹುಟ್ಟುತ್ತಿದ್ದುದು ಕೆರೆಯ ಕೆಳಗಿನ ಆ ಗದ್ದೆಗಳಲ್ಲಿ. ಬಸದಿಗಳ ನಕ್ಷೆಯನ್ನು ಬರೆದರೆ ಕೆರೆಗಳ ನಕ್ಷೆಯೂ ಅದರೊಡನೆ ತಾನಾಗಿಯೇ ಮೂಡುತ್ತದೆ.

ಕಟ್ಟಿಸುವುದಷ್ಟೇ ಅಲ್ಲ, ಕಾಪಾಡುವ ವ್ಯವಸ್ಥೆಯೂ ಅಂದು ಇದ್ದಿತು. ಕೆರೆಯನ್ನು ಕಟ್ಟಿಸಿದವನಿಗೆ ಕಟ್ಟುಗೊಡಗೆ, ಅದರ ಪಾಲನೆಗೆಂದು ಬಿತ್ತುವಟ್ಟ, ದಶವಂದ ಎಂಬ ಉಂಬಳಿಗಳು ಕನ್ನಡ ಶಾಸನಗಳಲ್ಲಿ ಪದೇಪದೇ ಬರುತ್ತವೆ. ತೂಬನ್ನು ತೆರೆದು ಮುಚ್ಚುವ ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬನಾಗಿದ್ದನು. ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿದಾಗ ರೈತರು ಹೂಳನ್ನು ಗಾಡಿಗಳಲ್ಲಿ ಹೇರಿ ಹೊಲಗದ್ದೆಗಳಿಗೆ ಸಾಗಿಸುತ್ತಿದ್ದರು. ಎತ್ತಿನ ಗಾಡಿಯಿಂದ ಎಷ್ಟು ಸಾಧ್ಯವೋ ಅಷ್ಟೇ ಮಣ್ಣು ಹೋಗುತ್ತಿತ್ತು; ಕೆರೆಯ ಆಕಾರ ಮಾತ್ರ ಬದಲಾಗುತ್ತಿರಲಿಲ್ಲ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಇನ್ನು ಹಕ್ಕಿಯ ವಿಷಯ. ಚುಕ್ಕೆ ಕೊಕ್ಕಿನ ಬಾತು ಸುಮಾರು ಎರಡು ಅಡಿ ಉದ್ದದ, ಹೆಚ್ಚುಕಡಿಮೆ ಒಂದು ಕಿಲೋ ತೂಕದ ದೊಡ್ಡ ಬಾತು. ಕಂದುಬೂದು ಮೈಮೇಲೆ ಬೋಗುಣಿಯ ಅಂಚಿನಂತೆ ತಿಳಿಬಣ್ಣದ ಗೆರೆಗಳು. ರೆಕ್ಕೆಯಲ್ಲಿ ಹೊಳೆಯುವ ಹಸಿರು ಪಟ್ಟಿ, ಅದಕ್ಕೆ ಬಿಳಿಯ ಅಂಚು. ಕಪ್ಪು ಕೊಕ್ಕಿನ ತುದಿಯಲ್ಲಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ. ಗಂಡುಹೆಣ್ಣುಗಳಲ್ಲಿ ಹೆಚ್ಚಿನ ಭೇದ ಕಾಣದು. 1781ರಲ್ಲಿ ಜರ್ಮನಿಯ ವಿದ್ವಾಂಸ ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರ್ ಸಿಂಹಳದ ಹಕ್ಕಿಯನ್ನು ಆಧರಿಸಿ ಇದನ್ನು ವಿವರಿಸಿ ಇಟ್ಟ ವೈಜ್ಞಾನಿಕ ಹೆಸರಿನ ಅರ್ಥವೂ ಚುಕ್ಕೆಯ ಕೊಕ್ಕು ಎಂದೇ. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬಂದು ಹೋಗುವ ಸೂಜಿಬಾಲದ ಬಾತು ಮೊದಲಾದವುಗಳಂತೆ ಇದು ಅತಿಥಿಯಲ್ಲ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳುವ ಒಕ್ಕಲು. ನೀರು ಬತ್ತಿದಾಗ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹಾರಿ ಹೋಗುವುದಷ್ಟೇ ಅದರ ವಲಸೆ.

ಬಾತುಗಳಲ್ಲಿ ಎರಡು ಬಗೆ. ಕೆಲವು ಆಳದ ನೀರಿನಲ್ಲಿ ಮುಳುಗಿ ತಳದ ಆಹಾರವನ್ನು ತರಬಲ್ಲವು. ಇನ್ನು ಕೆಲವು ಮುಳುಗದೆ ಮೇಲ್ನೀರಿನಲ್ಲಿಯೇ ಮೇಯುತ್ತವೆ; ತಲೆ ಕೆಳಗಾಗಿ, ಬಾಲ ಮೇಲಾಗಿ ನಿಂತು, ಕತ್ತು ಚಾಚಿದಷ್ಟು ಆಳದಲ್ಲಿರುವ ಬೀಜ, ಬೇರು, ಪಾಚಿ, ಬಸವನಹುಳುಗಳನ್ನು ಕೊಕ್ಕಿನಿಂದ ಸೋಸಿ ತಿನ್ನುತ್ತವೆ. ನಮ್ಮ ಚುಕ್ಕೆ ಕೊಕ್ಕಿನ ಬಾತು ಈ ಎರಡನೆಯ ಬಗೆಯದು. ಅದರ ಕತ್ತು ಎಟುಕುವುದು ಹೆಚ್ಚೆಂದರೆ ಒಂದೂವರೆ ಅಡಿ. ಅದಕ್ಕಿಂತ ಆಳದ ನೀರು ಅದಕ್ಕೆ ವಿಶ್ರಾಂತಿಯ ಸ್ಥಳವಾದೀತೇ ಹೊರತು ಊಟದ ಸ್ಥಳವಾಗದು. ಹಗಲೆಲ್ಲ ಕೆರೆಯಲ್ಲಿ ಕಳೆದು ಮುಸ್ಸಂಜೆಯಲ್ಲಿ ಗದ್ದೆಗಳಿಗೆ ಹಾರಿ ಉದುರಿದ ಕಾಳನ್ನು ಮೇಯುವುದೂ ಉಂಟು. ಗೂಡು ನೆಲದ ಮೇಲೆ, ನೀರಂಚಿನ ಜೊಂಡು ಹುಲ್ಲುಗಳ ಮರೆಯಲ್ಲಿ. ಮಳೆಯ ಅನುಕೂಲವನ್ನು ನೋಡಿಕೊಂಡು 8ರಿಂದ 14ರವರೆಗೆ ಮೊಟ್ಟೆಗಳನ್ನಿಟ್ಟು, ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಹಿಂದೆ ನೀರಿಗಿಳಿಯುತ್ತವೆ. ಸಂತಾನದ ಕಾಲ ಮುಗಿದ ಮೇಲೆ ದೊಡ್ಡ ಹಕ್ಕಿಗಳ ರೆಕ್ಕೆಯ ಗರಿಗಳು ಒಮ್ಮೆಲೇ ಉದುರುತ್ತವೆ. ಹೊಸ ಗರಿ ಬರುವ ತನಕ ಕೆಲವು ವಾರ ಅವು ಹಾರಲಾರವು. ಆಗ ಅವುಗಳಿಗೆ ಜೊಂಡಿನ ಮರೆಯಲ್ಲದೆ ಬೇರೆ ಶರಣಿಲ್ಲ.

ಹೀಗೆ ಊಟ, ಗೂಡು, ಮರಿ, ಮರೆ ನಾಲ್ಕೂ ಒಂದೇ ಕಡೆ ಇವೆ: ಕೆರೆಯ ಅಂಚಿನಲ್ಲಿ. ನಮ್ಮ ಪೂರ್ವಿಕರು ಕಟ್ಟಿದ ಕೆರೆಯ ರೂಪವೇ ಇಂತಹ ಅಂಚನ್ನು ಕೊಡುವಂತಹುದು. ತಗ್ಗಿನ ಬಾಯಿಗೆ ಅಡ್ಡಲಾಗಿ ಏರಿಯನ್ನು ಹಾಕುತ್ತಿದ್ದರು. ಏರಿಯ ಬುಡದಲ್ಲಿ ಆಳ, ಅಲ್ಲಿಂದ ಹಿಂದಕ್ಕೆ ಹೋದಂತೆಲ್ಲ ನೀರು ತೆಳುವಾಗುತ್ತ ನೆಲದೊಡನೆ ಕಲೆತುಹೋಗುತ್ತಿತ್ತು.

ಲೆಕ್ಕದ ಪುಸ್ತಕದ ಮುಂದೆ ಆಯುಷ್ಯವನ್ನು ಕಳೆದ ನನ್ನಂಥವನಿಗೆ ಅಂಕಿಗಳಲ್ಲಿ ಹೇಳಿದಾಗಲೇ ವಿಷಯ ಸ್ಪಷ್ಟವಾಗುತ್ತದೆ. ಉದಾಹರಣೆಗೆ ಒಂದು ಕೆರೆಯ ಹಿಂಬದಿಯ ಅಂಚು 1,000 ಅಡಿ ಉದ್ದವಿದೆಯೆಂದೂ, ಅಲ್ಲಿ ನೆಲ 100 ಅಡಿಗೆ 1 ಅಡಿಯಂತೆ ಇಳಿಯುತ್ತದೆಯೆಂದೂ ಭಾವಿಸೋಣ. ಒಂದೂವರೆ ಅಡಿ ಆಳದವರೆಗಿನ ನೀರಿನ ಪಟ್ಟಿ 150 ಅಡಿ ಅಗಲವಾಗುತ್ತದೆ. ವಿಸ್ತೀರ್ಣ 1,50,000 ಚದರ ಅಡಿ, ಅಂದರೆ ಸುಮಾರು 3 ಎಕರೆ 17 ಗುಂಟೆ. ಅದೇ ಅಂಚನ್ನು ಯಂತ್ರದಿಂದ ಕಡಿದು 2 ಅಡಿಗೆ 1 ಅಡಿಯಂತೆ ಇಳಿಜಾರು ಮಾಡಿದರೆ ಆ ಪಟ್ಟಿಯ ಅಗಲ 3 ಅಡಿ. ವಿಸ್ತೀರ್ಣ ಮೂರು ಗುಂಟೆಗೂ ಕಡಿಮೆ. ಬಾತಿನ ಬಾಳುವೆಯ ಭೂಮಿ ಐವತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ನೀರಿಳಿದಂತೆ ಇಳಿಜಾರಿನ ಕೆರೆಯಲ್ಲಿ ಈ ಪಟ್ಟಿಯೂ ಹಿಂದೆ ಸರಿಯುತ್ತ ತಿಂಗಳು ತಿಂಗಳಿಗೆ ಹೊಸ ಕೆಸರನ್ನು ತೆರೆಯುತ್ತದೆ. ಬೋಗುಣಿಯಂತೆ ತೋಡಿದ ಕೆರೆಯಲ್ಲಿ ನೀರು ಎಷ್ಟೇ ಇಳಿದರೂ ಆ ಮೂರಡಿ ಮೂರಡಿಯೇ. ಆದರೆ ಕಾಗದದ ಮೇಲೆ ನೋಡಿದರೆ ಎರಡನೆಯ ಕೆರೆಯೇ ಲಾಭದ್ದು: ಸಂಗ್ರಹವಾಗುವ ನೀರು ಹೆಚ್ಚಿತು. ಅಂಚು ಎಂಬ ಶೀರ್ಷಿಕೆ ಜಮೆಯಲ್ಲಿಯೂ ಇಲ್ಲ, ಖರ್ಚಿನಲ್ಲಿಯೂ ಇಲ್ಲ. ಲೆಕ್ಕಕ್ಕೆ ಬಾರದ ಆಸ್ತಿ ಕಳೆದುಹೋದಾಗ ನಷ್ಟವೆಂದು ಯಾರೂ ಬರೆದುಕೊಳ್ಳುವುದಿಲ್ಲ.

ಅಂಚಿನ ನಷ್ಟಕ್ಕೆ ಹೂಳೆತ್ತುವ ಯಂತ್ರವೊಂದೇ ಕಾರಣವಲ್ಲ. ಕೆರೆಯ ತೆಳುನೀರಿನ ಭಾಗ ವರ್ಷದಲ್ಲಿ ಅನೇಕ ತಿಂಗಳು ಒಣಗಿರುವುದರಿಂದ ಒತ್ತುವರಿಗೆ ಮೊದಲು ಬಲಿಯಾಗುವುದೂ ಅದೇ. ಹಿಂದೆ ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು ತಾನಾಗಿ ಹೊರಗೆ ಹರಿಯಲಾರದೆ ದನಕರುಗಳಿಗೂ ಜಲಚರಗಳಿಗೂ ಉಳಿಯುತ್ತಿತ್ತು. ಪಂಪ್‌ಸೆಟ್ಟುಗಳು ಬಂದ ಮೇಲೆ ಆ ಉಳಿಕೆಯನ್ನೂ ಎತ್ತಿಬಿಡುವುದು ಸಾಧ್ಯವಾಯಿತು. ಕೆಲವು ದಶಕಗಳಿಂದ ಈ ಸೀಮೆಯ ಗದ್ದೆಬಯಲುಗಳಲ್ಲಿ ಅಡಿಕೆಯೂ ಶುಂಠಿಯೂ, ಬೆದ್ದಲಿನಲ್ಲಿ ಮೆಕ್ಕೆಜೋಳವೂ ಹಬ್ಬಿವೆ. ಗದ್ದೆಯೊಂದು ಅಡಿಕೆಯ ತೋಟವಾದರೆ ಮನೆತನಕ್ಕೆ ಆದಾಯ ಹೆಚ್ಚುತ್ತದೆ. ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಸಂಜೆ ಕೆರೆಯಿಂದ ಹಾರಿದ ಬಾತಿಗೆ ಇಳಿಯಲು ನೀರು ನಿಂತ ಗದ್ದೆ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂಬುದೂ ನಿಜ.

ಪಕ್ಷಿಧಾಮಗಳಿವೆಯಲ್ಲ ಎಂದು ಕೆಲವರು ಕೇಳಬಹುದು. ಸೊರಬ ತಾಲ್ಲೂಕಿನ ಗುಡವಿಯ ಕೆರೆಯನ್ನು 1989ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಮಳೆಗಾಲದಲ್ಲಿ ನೀರಿನಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಗೂಡುಕಟ್ಟುವ ಸಂಭ್ರಮವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದು ನಾಡಿನ ಭಾಗ್ಯ. ಆದರೆ ಗುಡವಿಯ ವಿಸ್ತಾರ ಸುಮಾರು 0.74 ಚದರ ಕಿಲೋಮೀಟರು, ಎಂದರೆ 180 ಎಕರೆಯಷ್ಟು. ಗುಂಪುಗೂಡಿ ಮರದ ಮೇಲೆ ಗೂಡುಕಟ್ಟುವ ಹಕ್ಕಿಗಳಿಗೆ ಒಂದು ಕೆರೆಯನ್ನು ಕಾದರೂ ಬಹಳ ಉಪಕಾರವಾಗುತ್ತದೆ. ಜೋಡಿಜೋಡಿಯಾಗಿ ಚದುರಿ ನೆಲದ ಮೇಲೆ ಗೂಡು ಮಾಡುವ ಬಾತಿಗೆ ಹಾಗಲ್ಲ. ಅದಕ್ಕೆ ಬೇಕಾದುದು ಹತ್ತಾರು ಹಳ್ಳಿಗಳ ಹತ್ತಾರು ಸಾಮಾನ್ಯ ಕೆರೆಗಳು.

ಕಾನೂನಿನ ಕಥೆಯೂ ವಿಚಾರಣೀಯವಾದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಆರಂಭದಲ್ಲಿ ಬಾತುಗಳನ್ನು ಪರವಾನಗಿ ಪಡೆದು ಬೇಟೆಯಾಡಬಹುದಾದ ಹಕ್ಕಿಗಳ ಪಟ್ಟಿಯಲ್ಲಿಯೇ ಇರಿಸಿತ್ತು. 1991ರ ತಿದ್ದುಪಡಿಯಿಂದ ಆ ಪರವಾನಗಿಗಳು ರದ್ದಾದವು. ಶಿಕಾರಿಪುರದಲ್ಲಿಯೂ ಶಿಕಾರಿ ನಿಷಿದ್ಧವಾಯಿತು. ಹಕ್ಕಿಯ ಪ್ರಾಣಕ್ಕೆ ಹೀಗೆ ರಕ್ಷಣೆ ದೊರೆತರೂ ಅದರ ಮನೆಗೆ ಅಂತಹ ರಕ್ಷಣೆ ದೊರೆಯಲಿಲ್ಲ. 1971ರಲ್ಲಿ ಇರಾನಿನ ರಾಮ್‌ಸಾರ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಸಹಜವಾದುದಾಗಲಿ ಮನುಷ್ಯನಿರ್ಮಿತವಾದುದಾಗಲಿ ಎಲ್ಲ ಜೌಗುಭೂಮಿಗಳನ್ನೂ ಒಂದೇ ದೃಷ್ಟಿಯಿಂದ ಕಂಡಿತು. ಭಾರತವು 1982ರಲ್ಲಿ ಅದನ್ನು ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಈ ಎರಡು ನೀರಾವರಿ ಕೆರೆಗಳೇ 2024ರಲ್ಲಿ ಆ ಗೌರವಕ್ಕೆ ಪಾತ್ರವಾದವು. ಆದರೆ ನಮ್ಮ ದೇಶದ 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಭತ್ತದ ಗದ್ದೆಗಳನ್ನೂ, ಕುಡಿಯುವ ನೀರಿಗೆ ಮತ್ತು ನೀರಾವರಿಗೆಂದೇ ನಿರ್ಮಿಸಿದ ಜಲಾಶಯಗಳನ್ನೂ ಹೊರಗಿಟ್ಟಿವೆ. ಹಗಲು ಕೆರೆಯಲ್ಲಿ, ಇರುಳು ಗದ್ದೆಯಲ್ಲಿ ಬಾಳುವ ಹಕ್ಕಿಯ ಎರಡು ನೆಲೆಗಳೂ ಆ ನಿಯಮದ ದೃಷ್ಟಿಯಲ್ಲಿ ನೆಲೆಗಳೇ ಅಲ್ಲ. ಆದುದರಿಂದ ಊರ ಕೆರೆಯ ಅಂಚು ಉಳಿಯುವುದೂ ಅಳಿಯುವುದೂ ಊರವರ ಬುದ್ಧಿಯನ್ನೇ ಅವಲಂಬಿಸಿದೆ.

ಈ ಸಂದರ್ಭದಲ್ಲಿ ನಮ್ಮ ಶ್ರಾವಕಾಚಾರ ಗ್ರಂಥಗಳ ಒಂದು ವಿಧಿ ನೆನಪಿಗೆ ಬರುತ್ತದೆ. 13ನೆಯ ಶತಮಾನದಲ್ಲಿ ಪಂಡಿತ ಆಶಾಧರರು ರಚಿಸಿದ ‘ಸಾಗಾರಧರ್ಮಾಮೃತ’ದಲ್ಲಿ, ಜೀವಹಿಂಸೆ ಅಧಿಕವಾದುದರಿಂದ ಶ್ರಾವಕನು ಕೈಗೊಳ್ಳಬಾರದ ಹದಿನೈದು ಕ್ರೂರಕರ್ಮಗಳ ಪಟ್ಟಿಯಿದೆ. ವಿಷದ ವ್ಯಾಪಾರ, ದಂತದ ವ್ಯಾಪಾರ, ಕಾಡಿಗೆ ಬೆಂಕಿಯಿಡುವುದು ಮುಂತಾದವುಗಳ ಸಾಲಿನಲ್ಲಿಯೇ ‘ಸರಃಶೋಷ’ವೂ ಬರುತ್ತದೆ. ಎಂದರೆ ಬಿತ್ತನೆ ಮೊದಲಾದ ಪ್ರಯೋಜನಕ್ಕೆ ಜಲಾಶಯದ ನೀರನ್ನು ಬಸಿದು ಒಣಗಿಸುವುದು. ಶ್ವೇತಾಂಬರ ಸಂಪ್ರದಾಯದ ಹದಿನೈದು ಕರ್ಮಾದಾನಗಳಲ್ಲಿಯೂ ಇದು ಸೇರಿದೆ. ವಿಶೇಷವೇನೆಂದರೆ ಅದೇ ಪಟ್ಟಿಯಲ್ಲಿ ‘ಸ್ಫೋಟಜೀವಿಕೆ’ಯೂ ಇದೆ. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ವು ಕೆರೆಬಾವಿಗಳನ್ನು ತೋಡುವ ವೃತ್ತಿಯನ್ನು ಅದರ ಉದಾಹರಣೆಯಾಗಿ ಕೊಡುತ್ತದೆ. ತೋಡುವುದರಲ್ಲಿಯೂ ಹಿಂಸೆ, ಒಣಗಿಸುವುದರಲ್ಲಿಯೂ ಹಿಂಸೆ ಎಂದ ಮೇಲೆ ಗೃಹಸ್ಥನು ಮಾಡುವುದಾದರೂ ಏನು ಎಂಬ ಶಂಕೆ ಹುಟ್ಟುವುದು ಸಹಜ. ಬಸದಿಗಳ ದತ್ತಿಗಳೆಲ್ಲ ಕೆರೆಯ ಕೆಳಗಿನ ಗದ್ದೆಗಳಾಗಿದ್ದವೆಂಬುದನ್ನು ನೆನೆದರೆ ಈ ಶಂಕೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ನನ್ನ ಅಲ್ಪಮತಿಗೆ ತೋರುವ ಸಮಾಧಾನ ಇಷ್ಟು. ಆಚಾರ್ಯರು ನೀರನ್ನು ಬಳಸಬೇಡವೆನ್ನಲಿಲ್ಲ. ನೀರಿನ ಆಶ್ರಯದಲ್ಲಿರುವ ಜೀವರಾಶಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅದನ್ನು ಕೇವಲ ಸಂಪಾದನೆಯ ಸಾಮಗ್ರಿಯಾಗಿ ಕಾಣಬೇಡವೆಂದರು. ತೂಬಿನಿಂದ ಬೇಕಾದಷ್ಟು ನೀರು ಹರಿಸಿ ಉಳಿಕೆಯನ್ನು ಕೆರೆಯಲ್ಲಿಯೇ ಬಿಡುವುದು ಬಳಕೆ. ತಳದ ಕೆಸರು ಬಿರಿಯುವ ತನಕ ಎತ್ತುವುದು ಶೋಷ. ವರ್ಷವರ್ಷವೂ ತೆಳುವಾಗಿ ಹೂಳು ತೆಗೆಯುವುದು ಪಾಲನೆ; ಕೆರೆಯ ಆಕಾರವನ್ನೇ ಕೆಡಿಸುವುದು ಬೇರೆ. ಈ ಗೆರೆಯನ್ನು ಎಳೆಯುವ ವಿವೇಕಕ್ಕೇ ಯತ್ನಾಚಾರವೆಂದು ಹೆಸರು.

ಬಾತು ಗದ್ದೆಯ ಕಾಳನ್ನು ತಿನ್ನುತ್ತದೆ, ಅದರ ಮೇಲೆ ರೈತನಿಗೆ ಪ್ರೀತಿಯಿರಬೇಕೆಂದು ಹೇಳುವುದು ಪಟ್ಟಣದವರಿಗೆ ಸುಲಭ ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಮಾಗಿದ ಪೈರಿಗೆ ಅದು ಇಳಿದಾಗ ಹಾನಿಯಾಗುವುದುಂಟು. ಈ ಜಾತಿ ಸದ್ಯ ನಿರ್ನಾಮದ ಅಂಚಿನಲ್ಲಿಲ್ಲವೆಂಬುದೂ ನಿಜವೇ; ಭಾರತದ ಬಹುಭಾಗದಲ್ಲಿ ಅದು ಇನ್ನೂ ಕಾಣಸಿಗುತ್ತದೆ. ಹಾಗಿದ್ದರೆ ಚಿಂತೆಯೇಕೆ? ಏಕೆಂದರೆ ಅಪರೂಪವಾದುದಕ್ಕೆ ಕಾವಲುಗಾರರು ಹುಟ್ಟಿಕೊಳ್ಳುತ್ತಾರೆ, ಸಾಮಾನ್ಯವಾದುದಕ್ಕೆ ಯಾರೂ ಇಲ್ಲ. ಸಾಮಾನ್ಯವಾದ ಹಕ್ಕಿ ಕೆರೆಯನ್ನು ಬಿಟ್ಟುಹೋದರೆ ಆ ಕೆರೆಯಲ್ಲಿ ಕಪ್ಪೆ, ಮೀನಿನ ಮರಿ, ಬಸವನಹುಳು, ನೈದಿಲೆಗಳಿಗೂ ತಾವು ಉಳಿದಿಲ್ಲವೆಂದು ತಿಳಿಯಬಹುದು. ಅಂಚಿನ ಜೊಂಡು ಹೊಲದ ಮಣ್ಣನ್ನು ತಡೆದು ಹೂಳನ್ನು ಕಡಿಮೆ ಮಾಡುತ್ತದೆಂಬುದರಿಂದ ರೈತನಿಗೂ ಅದರಲ್ಲಿ ಪಾಲಿದೆ.

ಇಂದು ನಮ್ಮ ಅನೇಕ ಕ್ಷೇತ್ರಗಳ ಟ್ರಸ್ಟುಗಳೂ ಉದಾರಿಗಳಾದ ಮನೆತನಗಳೂ ಕೆರೆಗಳ ಹೂಳೆತ್ತುವ ಕಾರ್ಯಕ್ಕೆ ಧನಸಹಾಯ ಮಾಡುತ್ತಿರುವುದು ಸಂತೋಷದ ಸಂಗತಿ. ಜಲದಾನದ ಹಳೆಯ ಪರಂಪರೆ ಹೀಗೆ ಮುಂದುವರಿಯುತ್ತಿದೆ. ಆದರೆ ದಾನ ಕೊಡುವವರು ಕೆಲಸದ ಕರಾರಿನಲ್ಲಿ ಕೆಲವು ಮಾತುಗಳನ್ನು ಸೇರಿಸುವುದು ಅವಶ್ಯ. ಆಳ ಮಾಡುವುದೆಲ್ಲವೂ ಏರಿಯ ಕಡೆಗಿರಲಿ. ಹಿಂಬದಿಯ ಇಳಿಜಾರನ್ನು ಯಂತ್ರ ಮುಟ್ಟದಿರಲಿ. ತೆಗೆದ ಮಣ್ಣನ್ನು ತೆಳುನೀರಿನ ಭಾಗದಲ್ಲಿ ಗುಡ್ಡೆಹಾಕದೆ ಹೊಲಗಳಿಗೆ ಸಾಗಿಸಲಿ. ಕೆರೆ ತಾನಾಗಿ ಬತ್ತಿದ ಬೇಸಗೆಯಲ್ಲಿ ಮಾತ್ರ ಕೆಲಸ ನಡೆಯಲಿ. ಕೆಲಸಕ್ಕೆಂದು ಕೆರೆಯನ್ನು ಬತ್ತಿಸದಿರಲಿ. ಸೌಂದರ್ಯಕ್ಕೆಂದು ಸುತ್ತಲೂ ಕಲ್ಲು ಕಟ್ಟಿ ಕಾಲುದಾರಿ ಮಾಡುವುದಾದರೆ ಒಂದು ಬದಿಗೆ ಸಾಕು. ಜೊಂಡಿಗೆ ಬೆಂಕಿಯಿಡುವುದನ್ನು ಬಿಡಬೇಕು. ಗೂಡಿನಲ್ಲಿ ಮೊಟ್ಟೆಯಿದ್ದರೆ ಬೆಂಕಿಗೆ ತಿಳಿಯುವುದಿಲ್ಲ.

ಈ ಕರಾರುಗಳಿಂದ ವೆಚ್ಚ ಹೆಚ್ಚುವುದಿಲ್ಲ. ಕೆಲವೆಡೆ ತೋಡುವ ಮಣ್ಣೇ ಕಡಿಮೆಯಾಗಿ ಹಣ ಉಳಿಯುತ್ತದೆ. ಹಳೆಯ ದತ್ತಿಶಾಸನಗಳು ದಾನಭೂಮಿಯ ಮೇರೆಗಳನ್ನು ನಾಲ್ಕು ದಿಕ್ಕಿಗೂ ಹೆಸರಿಸಿ ಹೇಳುತ್ತಿದ್ದವು. ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗದ ದಾನ ಉಳಿಯುವುದಿಲ್ಲವೆಂದು ಅವರು ಬಲ್ಲವರಾಗಿದ್ದರು. ಮುಂದಿನ ಬೇಸಗೆಯಲ್ಲಿ ಯಾವುದಾದರೂ ಊರ ಕೆರೆಗೆ ಹಣ ಕೊಡುವ ಸಭೆ ನಡೆದಾಗ, ಎಷ್ಟು ಆಳ ಎಂಬ ಪ್ರಶ್ನೆಯೊಡನೆ ಎಷ್ಟು ಅಂಚು ಎಂಬ ಪ್ರಶ್ನೆಯನ್ನೂ ಒಬ್ಬರು ಎದ್ದು ಕೇಳಿ, ಅದರ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿದರೆ ಅಷ್ಟೇ ಸಾಕು.